ಒಂದೇ ಚೀಟಿ, ಎರಡು ಪುಸ್ತಕ: ಕಾಮರ್ಸ್ ವಿದ್ಯಾರ್ಥಿಗಳಿಗೆ ಡಿಸ್‌ಕಂಟಿನ್ಯೂಯಸ್ ಗಲೆರ್ಕಿನ್ ವಿಧಾನ



ಈ ಸಂಚಿಕೆಯ ಅಧ್ಯಯನ ಪುಟಕ್ಕೆ ನಾನು ಜಿಎಸ್‌ಟಿ ಬಗ್ಗೆ ಬರೆಯುತ್ತೇನೆ ಎಂದು ಉಪನ್ಯಾಸಕರಿಗೆ ಹೇಳಿದ್ದೆ. ಬರೆಯಲು ಕುಳಿತಾಗ ಮನಸ್ಸು ಬೇರೆ ಕಡೆ ಹೋಯಿತು. ನನ್ನ ಆಪಾ ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾರೆ. ಅವರ ಪ್ರಾಜೆಕ್ಟಿನ ಹೆಸರಿನಲ್ಲಿ 'ಡಿಸ್‌ಕಂಟಿನ್ಯೂಯಸ್ ಗಲೆರ್ಕಿನ್' ಎಂಬ ಎರಡು ಪದಗಳಿವೆ. ರಜೆಗೆ ಮನೆಗೆ ಬಂದಾಗ ಅವರು ಹಾಳೆಯ ಮೇಲೆ ಏನೇನೋ ಗೀಚುತ್ತಾ ಕುಳಿತಿದ್ದರು. ನಾನು ಇಣುಕಿ ನೋಡಿದೆ. ಪಕ್ಕದಲ್ಲಿದ್ದ ನಮ್ಮ ಸಂಬಂಧಿಕರೊಬ್ಬರು, "ನೀನು ಕಾಮರ್ಸ್ ಅಲ್ಲವಾ, ನಿನಗೆ ಯಾಕೆ ಇದು?" ಎಂದು ನಕ್ಕರು. ಆಪಾ ನಗಲಿಲ್ಲ. "ನೀನು ಅಬ್ಬಾ ಅಂಗಡಿಯ ಹಿಸಾಬು ಬರೀತೀಯಲ್ಲ, ನಾನು ಅದನ್ನೇ ನೀರಿಗೆ ಬರೀತಾ ಇದ್ದೀನಿ" ಎಂದರು.

ಆ ಮಾತು ನಿಜವೇ ಎಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ನಿಜವೇ. ಆದ್ದರಿಂದ ಈ ಲೇಖನ. ಕೂಡುವುದು, ಕಳೆಯುವುದು, ಗುಣಿಸುವುದು ಗೊತ್ತಿದ್ದರೆ ಸಾಕು. ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡವರಿಗೆ ಇನ್ನೂ ಸುಲಭ.

ಮೊದಲು ಅಂಗಡಿಯ ಕಥೆ

ಅಬ್ಬಾ ಅವರಿಗೆ ಒಂದು ಗೋದಾಮು, ಒಂದು ಅಂಗಡಿ ಇವೆ. ಎರಡಕ್ಕೂ ಬೇರೆ ಬೇರೆ ಸ್ಟಾಕ್ ಪುಸ್ತಕ. ಕಳೆದ ವರ್ಷ ಒಂದು ತಿಂಗಳ ಕೊನೆಯಲ್ಲಿ ನಾನು ಎರಡನ್ನೂ ತಾಳೆ ನೋಡಿದೆ. ಗೋದಾಮಿನ ಪುಸ್ತಕದ ಪ್ರಕಾರ 43 ಮೂಟೆ ಅಕ್ಕಿ ಅಂಗಡಿಗೆ ಹೋಗಿತ್ತು. ಅಂಗಡಿಯ ಪುಸ್ತಕದ ಪ್ರಕಾರ 40 ಮೂಟೆ ಬಂದಿತ್ತು. ಮೂರು ಮೂಟೆ ಎಲ್ಲಿ? ಅಂಗಡಿ ನೋಡಿಕೊಳ್ಳುವ ಚಾಚಾ ನಮ್ಮಲ್ಲಿ ಎಷ್ಟೋ ವರ್ಷದಿಂದ ಇದ್ದಾರೆ. ಅಬ್ಬಾ ಅವರನ್ನು ಕರೆದು ಕೇಳಿದಾಗ ಅವರ ಮುಖ ಸಣ್ಣದಾಯಿತು. "ಬಂದದ್ದನ್ನೇ ಬರೆದಿದ್ದೇನೆ" ಎಂದಷ್ಟೇ ಹೇಳಿದರು. ಮರುದಿನ ಅವರು ಕೆಲಸಕ್ಕೆ ಬರಲಿಲ್ಲ.

ಆಮೇಲೆ ವಿಷಯ ತಿಳಿಯಿತು. ಗೋದಾಮಿನಲ್ಲಿ ಮೂಟೆ ಟೆಂಪೋಗೆ ಏರಿದ ಕೂಡಲೇ ಬರೆಯುತ್ತಿದ್ದರು. ಅಂಗಡಿಯಲ್ಲಿ ಇಳಿಸಿದ ಮೇಲೆ ಬರೆಯುತ್ತಿದ್ದರು. ತಿಂಗಳ ಕೊನೆಯ ದಿನ ಸಂಜೆ ಮೂರು ಮೂಟೆ ಟೆಂಪೋದಲ್ಲೇ ಉಳಿದಿದ್ದವು. ಇಬ್ಬರೂ ಸುಳ್ಳು ಬರೆದಿರಲಿಲ್ಲ. ನಮ್ಮ ಪಠ್ಯದಲ್ಲಿ ಇದಕ್ಕೆ ಸಾಗಣೆಯಲ್ಲಿರುವ ಸರಕು ಎಂಬ ಹೆಸರೇ ಇದೆ. ಆದರೂ ನಾನು ವ್ಯತ್ಯಾಸ ಕಂಡ ಕೂಡಲೇ ತಪ್ಪು ಹುಡುಕಿದೆ, ಮಾಹಿತಿ ಹುಡುಕಲಿಲ್ಲ. ಅಬ್ಬಾ ಚಾಚಾ ಅವರ ಮನೆಗೆ ಹೋಗಿ ಮಾಫಿ ಕೇಳಿ ಕರೆದುಕೊಂಡು ಬಂದರು. ಅಂದಿನಿಂದ ಒಂದು ನಿಯಮ: ಪ್ರತಿ ಲೋಡಿಗೆ ಒಂದೇ ಚೀಟಿ, ಅದೇ ಚೀಟಿಯ ಸಂಖ್ಯೆ ಎರಡೂ ಪುಸ್ತಕದಲ್ಲಿ.

ಈ ಕಥೆಯನ್ನು ನೆನಪಿನಲ್ಲಿಡಿ. ಇದರಲ್ಲಿರುವ ಎರಡು ಮಾತುಗಳು, ಅಂದರೆ ಎರಡು ಪುಸ್ತಕಗಳ ನಡುವಿನ ವ್ಯತ್ಯಾಸ ಮತ್ತು ಗಡಿಯಲ್ಲಿನ ಒಂದೇ ಚೀಟಿ, ಈ ವಿಧಾನದ ಜೀವಾಳ.

ಸಮೀಕರಣ ಏನು ಕೇಳುತ್ತದೆ?

ಒಂದು ಉದ್ದನೆಯ ಕಾಲುವೆ. ನೀರು ಎಡದಿಂದ ಬಲಕ್ಕೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತಿದೆ. ಅದರಲ್ಲಿ ಸ್ವಲ್ಪ ಬಣ್ಣ ಹಾಕಿದ್ದೇವೆ. ಬಣ್ಣದ ಪ್ರಮಾಣ ಎರಡು ವಿಷಯಗಳನ್ನು ಅವಲಂಬಿಸಿದೆ: ಎಲ್ಲಿ ನೋಡುತ್ತೇವೆ, ಯಾವಾಗ ನೋಡುತ್ತೇವೆ. ಹೀಗೆ ಒಂದಕ್ಕಿಂತ ಹೆಚ್ಚು ವಿಷಯಗಳ ಮೇಲೆ ನಿಂತಿರುವ ಪ್ರಮಾಣ ಹೇಗೆ ಬದಲಾಗುತ್ತದೆ ಎಂದು ಹೇಳುವ ಸಮೀಕರಣವೇ ಆಂಶಿಕ ಅವಕಲ ಸಮೀಕರಣ. ಚಿಕ್ಕದಾಗಿ ಪಿಡಿಇ ಎನ್ನೋಣ.

ನಮ್ಮ ಕಾಲುವೆಯ ಪಿಡಿಇ ಹೇಳುವುದು ಇಷ್ಟೇ: ಒಂದು ಜಾಗದಲ್ಲಿ ಬಣ್ಣ ಹೆಚ್ಚಾದರೆ ಅದು ಪಕ್ಕದಿಂದ ಬಂದದ್ದು, ಕಡಿಮೆಯಾದರೆ ಪಕ್ಕಕ್ಕೆ ಹೋದದ್ದು. ತಾನಾಗಿ ಹುಟ್ಟುವುದಿಲ್ಲ, ತಾನಾಗಿ ಸಾಯುವುದಿಲ್ಲ. ಇದು ದ್ವಿನಮೂದು ಪದ್ಧತಿಯೇ ಅಲ್ಲವೇ?

ಈ ಸಮೀಕರಣಕ್ಕೆ ಉತ್ತರ ಗೊತ್ತು. ಬಣ್ಣದ ಚಿತ್ರ ಹಾಗೇ ಬಲಕ್ಕೆ ಜರುಗುತ್ತದೆ. ಆದರೆ ನಿಜವಾದ ನದಿ, ಗಾಳಿ, ಭೂಕಂಪದ ಅಲೆ ಇಷ್ಟು ಸರಳವಲ್ಲ. ಅವುಗಳ ಪಿಡಿಇಗೆ ಕಾಗದದ ಮೇಲೆ ಪೂರ್ತಿ ಉತ್ತರ ಬರೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಅಂದಾಜು ಉತ್ತರ ಹುಡುಕಬೇಕು. ಉತ್ತರ ಗೊತ್ತಿರುವ ಸರಳ ಲೆಕ್ಕದ ಮೇಲೆ ವಿಧಾನವನ್ನು ಪರೀಕ್ಷಿಸಿ, ಆಮೇಲೆ ಕಷ್ಟದ ಲೆಕ್ಕಕ್ಕೆ ಹೋಗುವುದು ಪದ್ಧತಿ. ನಾವೂ ಹಾಗೇ ಮಾಡೋಣ.

ಕಾಲುವೆಯನ್ನು ಕೋಣೆಗಳಾಗಿ ಹಂಚುವುದು

ಕಾಲುವೆಯನ್ನು 1 ಮೀಟರ್ ಉದ್ದದ ಕೋಣೆಗಳಾಗಿ ಭಾಗ ಮಾಡಿ. ಪ್ರತಿ ಕೋಣೆಯೊಳಗೆ ಬಣ್ಣ ಹೇಗಿದೆ ಎಂದು ಒಂದು ಸರಳ ಆಕಾರದಿಂದ ಹೇಳುತ್ತೇವೆ. ಅತಿ ಸರಳ ಆಕಾರ ಎಂದರೆ ಸಮತಟ್ಟಾದ ಗೆರೆ, ಅಂದರೆ ಸರಾಸರಿ ಮಾತ್ರ. ಅದಕ್ಕಿಂತ ಸ್ವಲ್ಪ ಉತ್ತಮ ಎಂದರೆ ಓರೆ ಗೆರೆ. ಇನ್ನೂ ಉತ್ತಮ ಬೇಕಾದರೆ ಬಾಗಿದ ಗೆರೆ.

ಹಳೆಯ ವಿಧಾನದಲ್ಲಿ, ಅಂದರೆ ಸಾಮಾನ್ಯ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ, ಒಂದು ಕೋಣೆಯ ಗೆರೆ ಮುಗಿಯುವ ಕಡೆಯೇ ಮುಂದಿನ ಕೋಣೆಯ ಗೆರೆ ಶುರುವಾಗಬೇಕು. ಗಡಿಯಲ್ಲಿ ಎರಡೂ ಕೂಡಲೇಬೇಕು. ಕಟ್ಟಡದ ತೊಲೆ ಎಷ್ಟು ಬಾಗುತ್ತದೆ ಎಂಬಂಥ ಲೆಕ್ಕಕ್ಕೆ ಇದು ಚೆನ್ನಾಗಿದೆ. ತೊಲೆ ಮಧ್ಯದಲ್ಲಿ ತುಂಡಾಗಿರುವುದಿಲ್ಲವಲ್ಲ! ಆದರೆ ಹರಿವಿನಲ್ಲಿ ಒಂದು ಕಡೆ ಗಾಢ ಬಣ್ಣ, ಅದರ ಮುಂದೆಯೇ ಶುದ್ಧ ನೀರು ಇರಬಹುದು. ಅಂಥ ಕಡೆ ಬಲವಂತವಾಗಿ ಕೂಡಿಸಿದರೆ ಉತ್ತರದಲ್ಲಿ ಇಲ್ಲದ ಏರಿಳಿತಗಳು ಕಾಣಿಸಿಕೊಳ್ಳುತ್ತವೆ.

ಡಿಸ್‌ಕಂಟಿನ್ಯೂಯಸ್ ಎಂದರೆ ನಿರಂತರವಲ್ಲದ್ದು. ಈ ವಿಧಾನ ಹೇಳುವುದು: ಗಡಿಯಲ್ಲಿ ಕೂಡಬೇಕೆಂಬ ಒತ್ತಾಯ ಬೇಡ. ಪ್ರತಿ ಕೋಣೆ ತನ್ನ ಪುಸ್ತಕವನ್ನು ತಾನೇ ಬರೆದುಕೊಳ್ಳಲಿ. ಒಂದೇ ಗಡಿಯಲ್ಲಿ ಎಡಗಡೆಯ ಪುಸ್ತಕ 43 ಎನ್ನಬಹುದು, ಬಲಗಡೆಯ ಪುಸ್ತಕ 40 ಎನ್ನಬಹುದು. ಈ ವ್ಯತ್ಯಾಸಕ್ಕೆ ಜಿಗಿತ ಎಂದು ಹೆಸರು.

ಗಲೆರ್ಕಿನ್ ಯಾರು?

ಬೋರಿಸ್ ಗಲೆರ್ಕಿನ್ 1871ರಲ್ಲಿ ಹುಟ್ಟಿದ ಎಂಜಿನಿಯರ್. ಊರು ಇಂದಿನ ಬೆಲಾರುಸ್ ದೇಶದ ಪೊಲೊಟ್ಸ್ಕ್. ರಷ್ಯನ್ನರು ಅವರ ಹೆಸರನ್ನು ಗಲ್ಯೋರ್ಕಿನ್ ಎನ್ನುತ್ತಾರೆ. ಝಾರ್ ಆಡಳಿತದ ವಿರುದ್ಧದ ಚಟುವಟಿಕೆಗಾಗಿ ಅವರು ಜೈಲು ಸೇರಿದ್ದರು. ತಮ್ಮ ಮೊದಲ ವೈಜ್ಞಾನಿಕ ಲೇಖನವನ್ನು ಬರೆದದ್ದು ಆ ಜೈಲಿನಲ್ಲೇ. ಅವರ ಹೆಸರಿನ ವಿಧಾನ ಇರುವ ಪ್ರಸಿದ್ಧ ಲೇಖನ 1915ರಲ್ಲಿ ಬಂತು. ಅದರ ವಿಷಯ ಕಂಬಿ ಮತ್ತು ತಗಡುಗಳ ಬಲ. 1945ರಲ್ಲಿ ತೀರಿಕೊಂಡರು.

ಅವರ ಉಪಾಯವನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಅಂದಾಜು ಉತ್ತರವನ್ನು ಸಮೀಕರಣಕ್ಕೆ ಹಾಕಿದರೆ ಎರಡು ಬದಿ ಸಮ ಆಗುವುದಿಲ್ಲ, ಏನೋ ಬಾಕಿ ಉಳಿಯುತ್ತದೆ. ಬಾಕಿ ಎಂಬ ಪದ ನಮ್ಮ ಮನೆಯ ಉರ್ದುವಿನಲ್ಲೂ ಅದೇ, ಕಾಲೇಜಿನ ಕನ್ನಡದಲ್ಲೂ ಅದೇ. ಈ ಬಾಕಿಯನ್ನು ಎಲ್ಲಾ ಬಿಂದುಗಳಲ್ಲೂ ಸೊನ್ನೆ ಮಾಡಲು ಆಗುವುದಿಲ್ಲ, ಏಕೆಂದರೆ ನಮ್ಮ ಕೈಯಲ್ಲಿರುವ ಆಕಾರಗಳು ಕೆಲವೇ. ಆಗ ಆಡಿಟರ್ ಮಾಡುವಂತೆ ಮಾಡಬೇಕು. ಆಡಿಟರ್ ಪ್ರತಿ ವೋಚರನ್ನೂ ನೋಡುವುದಿಲ್ಲ, ಕೆಲವು ಪರೀಕ್ಷೆ ಇಡುತ್ತಾರೆ. ಗಲೆರ್ಕಿನ್ ಹೇಳಿದ್ದು: ಉತ್ತರ ಕಟ್ಟಲು ಯಾವ ಆಕಾರಗಳನ್ನು ಬಳಸಿದ್ದೀರೋ ಅವೇ ಆಕಾರಗಳನ್ನು ತೂಕವಾಗಿ ಇಟ್ಟು ಬಾಕಿಯನ್ನು ಅಳೆಯಿರಿ. ಪ್ರತಿ ತೂಕಕ್ಕೂ ಒಟ್ಟು ಬಾಕಿ ಸೊನ್ನೆ ಬರಬೇಕು. ಎರಡು ಆಕಾರ ಬಳಸಿದರೆ ಎರಡು ಪರೀಕ್ಷೆ. ಎಷ್ಟು ಅಜ್ಞಾತ ಸಂಖ್ಯೆಗಳೋ ಅಷ್ಟೇ ಸಮೀಕರಣಗಳು.

ಗಡಿಯಲ್ಲಿ ಒಂದೇ ಚೀಟಿ

ಈಗ ಒಂದು ತೊಂದರೆ. ಪ್ರತಿ ಕೋಣೆ ತನ್ನ ಪಾಡಿಗೆ ತಾನು ಇದ್ದರೆ ಬಣ್ಣ ಒಂದರಿಂದ ಇನ್ನೊಂದಕ್ಕೆ ದಾಟುವುದು ಹೇಗೆ? ಗಡಿಯಲ್ಲಿ ಎರಡು ಬೆಲೆಗಳಿವೆ. ಎಡದ ಕೋಣೆ "43ರ ಲೆಕ್ಕದಲ್ಲಿ ಕಳಿಸಿದೆ" ಎಂದು ಬರೆದು, ಬಲದ ಕೋಣೆ "40ರ ಲೆಕ್ಕದಲ್ಲಿ ಬಂತು" ಎಂದು ಬರೆದರೆ ಪ್ರತಿ ಸೆಕೆಂಡೂ ಬಣ್ಣ ಮಾಯವಾಗುತ್ತಾ ಹೋಗುತ್ತದೆ.

ಪರಿಹಾರ ಅಬ್ಬಾ ಅವರ ನಿಯಮವೇ. ಗಡಿ ದಾಟುವ ಪ್ರಮಾಣಕ್ಕೆ ಒಂದೇ ಸಂಖ್ಯೆ ತೀರ್ಮಾನಿಸಬೇಕು. ಅದೇ ಸಂಖ್ಯೆ ಎಡದಲ್ಲಿ ಖರ್ಚು, ಬಲದಲ್ಲಿ ಜಮಾ. ಈ ಸಂಖ್ಯೆಗೆ ನ್ಯೂಮರಿಕಲ್ ಫ್ಲಕ್ಸ್ ಎನ್ನುತ್ತಾರೆ. ನಾನು ಚೀಟಿ ಎಂದೇ ಕರೆಯುತ್ತೇನೆ. ಪುಸ್ತಕಗಳು ಬೇರೆ ಬೇರೆ ಇರಬಹುದು, ಚೀಟಿ ಮಾತ್ರ ಒಂದೇ.

ಆದರೆ ಚೀಟಿಯಲ್ಲಿ ಯಾವ ಸಂಖ್ಯೆ ಬರೆಯಬೇಕು? ಇಲ್ಲೇ ನಾನು ಎಡವಿದ್ದು.

ನನ್ನ ಮೊದಲ ಲೆಕ್ಕ: ಮೈನಸ್ 20

ನಾನು ಎಕ್ಸೆಲ್‌ನಲ್ಲಿ ನಾಲ್ಕು ಕೋಣೆ ಮಾಡಿದೆ. ಎರಡನೆಯ ಕೋಣೆಯಲ್ಲಿ ಮಾತ್ರ 80 ಗ್ರಾಂ ಬಣ್ಣ:

0, 80, 0, 0

ಗಡಿಯಲ್ಲಿ ಎರಡು ಬೆಲೆ ಇದೆಯಲ್ಲ, ನ್ಯಾಯವಾಗಿ ಸರಾಸರಿ ತೆಗೆದುಕೊಳ್ಳೋಣ ಎಂದುಕೊಂಡೆ. 1 ಮತ್ತು 2ನೇ ಕೋಣೆಯ ಗಡಿಯಲ್ಲಿ 0 ಮತ್ತು 80ರ ಸರಾಸರಿ 40. 2 ಮತ್ತು 3ರ ಗಡಿಯಲ್ಲೂ 40. ಉಳಿದ ಗಡಿಗಳಲ್ಲಿ 0. ಅರ್ಧ ಸೆಕೆಂಡಿನಲ್ಲಿ ದಾಟುವುದು 40ರ ಅರ್ಧ, ಅಂದರೆ 20 ಗ್ರಾಂ. ಎರಡನೇ ಕೋಣೆಗೆ 20 ಬಂತು, 20 ಹೋಯಿತು. ಅರ್ಧ ಸೆಕೆಂಡಿನ ನಂತರ:

−20, 80, 20, 0

ಒಟ್ಟು ಕೂಡಿ ನೋಡಿದೆ. 80! ತಾಳೆ ಆಯಿತು ಎಂದು ಖುಷಿಯಿಂದ ಆಪಾಗೆ ತೋರಿಸಿದೆ. ಅವರು ಮೊದಲ ಕೋಣೆಯ ಮೇಲೆ ಬೆರಳಿಟ್ಟು, "ಇವನ ಹತ್ತಿರ ಏನೂ ಇರಲಿಲ್ಲ. 20 ಗ್ರಾಂ ಎಲ್ಲಿಂದ ಕೊಟ್ಟ?" ಎಂದು ಕೇಳಿದರು. ನನಗೆ ಉತ್ತರ ಇರಲಿಲ್ಲ. ಬಣ್ಣ ಮೈನಸ್ ಆಗಲು ಸಾಧ್ಯವೇ ಇಲ್ಲ.

ತಪ್ಪು ಏನು ಎಂದರೆ, ನಾನು ಎರಡೂ ಬದಿಯವರನ್ನು ಕೇಳಿದೆ, ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಕೇಳಲಿಲ್ಲ. ನೀರು ಎಡದಿಂದ ಬಲಕ್ಕೆ ಬರುತ್ತಿದೆ. ಗಡಿಯಲ್ಲಿ ದಾಟುವುದು ಎಡಗಡೆಯ ಕೋಣೆಯಲ್ಲಿರುವ ಸರಕು. ಆದ್ದರಿಂದ ಚೀಟಿಯಲ್ಲಿ ಬರೆಯಬೇಕಾದದ್ದು ಕಳಿಸುವವನ ಬೆಲೆ. ಇದಕ್ಕೆ ಅಪ್‌ವಿಂಡ್ ಎಂದು ಹೆಸರು, ಅಂದರೆ ಹರಿವು ಬರುವ ದಿಕ್ಕಿನ ಬೆಲೆ. ಸರಾಸರಿ ಚೀಟಿಯನ್ನು ಬಳಸುವ ವಿಧಾನಗಳೂ ಇವೆ, ಆದರೆ ಅವು ಸಮಯದ ಹೆಜ್ಜೆಯನ್ನು ಬೇರೆ ರೀತಿ ಇಡುತ್ತವೆ. ನಮ್ಮ ಸರಳ ಹೆಜ್ಜೆಗೆ ಅದು ಹೊಂದುವುದಿಲ್ಲ.

ತಾಳೆಪಟ್ಟಿ ಸರಿ, ಚಿತ್ರ ತಪ್ಪು

ಹೊಸ ಚೀಟಿಯೊಂದಿಗೆ ಮತ್ತೆ ಮಾಡಿದೆ. ಪ್ರತಿ ಕೋಣೆ ಅರ್ಧ ಸೆಕೆಂಡಿನಲ್ಲಿ ತನ್ನ ಅರ್ಧ ಬಣ್ಣವನ್ನು ಬಲಕ್ಕೆ ಕೊಡುತ್ತದೆ.

ಆರಂಭ: 0, 80, 0, 0
ಅರ್ಧ ಸೆಕೆಂಡಿಗೆ: 0, 40, 40, 0
ಒಂದು ಸೆಕೆಂಡಿಗೆ: 0, 20, 40, 20

ಮೈನಸ್ ಇಲ್ಲ. ಒಟ್ಟು ಯಾವಾಗಲೂ 80. ಆದರೆ ನಿಜವಾದ ಉತ್ತರ ಏನು? ಒಂದು ಸೆಕೆಂಡಿನಲ್ಲಿ ನೀರು ಸರಿಯಾಗಿ ಒಂದು ಕೋಣೆ ಜರುಗುತ್ತದೆ. 80 ಗ್ರಾಂ ಪೂರ್ತಿ ಮೂರನೇ ಕೋಣೆಯಲ್ಲಿರಬೇಕು: 0, 0, 80, 0. ನಮ್ಮ ಲೆಕ್ಕದಲ್ಲಿ ಅದು ಮೂರು ಕೋಣೆಗೆ ಹರಡಿಹೋಗಿದೆ.

ತಾಳೆಪಟ್ಟಿ ತಾಳೆಯಾದರೂ ಕೆಲವು ತಪ್ಪುಗಳು ಉಳಿಯುತ್ತವೆ ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವೆ. ಇಲ್ಲಿಯೂ ಅದೇ. ಒಟ್ಟು ಸರಿ, ಆದರೆ ಯಾರ ಖಾತೆಯಲ್ಲಿ ಎಷ್ಟು ಎಂಬುದು ತಪ್ಪು. ಕಾರಣ: ಬಣ್ಣ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಅದು ಕೋಣೆಯ ತುಂಬ ಸಮನಾಗಿ ಹರಡಿದೆ ಎಂದು ನಾವು ಒಪ್ಪಿಕೊಂಡುಬಿಟ್ಟೆವು. ಸರಾಸರಿ ಮಾತ್ರ ಬರೆದುಕೊಂಡರೆ ಹೀಗಾಗುತ್ತದೆ.

ಓರೆ ಸೇರಿಸಿದಾಗ ಜಿಗಿತವೇ ಸುದ್ದಿ ಕೊಡುತ್ತದೆ

ಈಗ ಪ್ರತಿ ಕೋಣೆಯಲ್ಲಿ ಎರಡು ಸಂಖ್ಯೆ ಇಡೋಣ: ಸರಾಸರಿ ಮತ್ತು ಓರೆ. ಬಲ ಅಂಚಿನ ಬೆಲೆ ಎಂದರೆ ಸರಾಸರಿ + ಓರೆ. ಎಡ ಅಂಚಿನ ಬೆಲೆ ಎಂದರೆ ಸರಾಸರಿ − ಓರೆ.

ಗಲೆರ್ಕಿನ್ ಅವರ ಮೊದಲ ಪರೀಕ್ಷೆಯಲ್ಲಿ ಕೋಣೆಯ ಎಲ್ಲಾ ಕಡೆ ಒಂದೇ ತೂಕ. ಎರಡನೇ ಪರೀಕ್ಷೆಯಲ್ಲಿ ತೂಕ ಎಡ ಅಂಚಿನಲ್ಲಿ −1, ಬಲ ಅಂಚಿನಲ್ಲಿ +1, ನಡುವೆ ಸಮವಾಗಿ ಏರುತ್ತದೆ. ಈ ಎರಡು ಪರೀಕ್ಷೆ ನಡೆಸಿ, ಭಾಗಶಃ ಅನುಕಲನ ಮಾಡಿ, ಗಡಿಯಲ್ಲಿ ಅಪ್‌ವಿಂಡ್ ಚೀಟಿ ಹಾಕಿದರೆ ನಮ್ಮ ಕಾಲುವೆಗೆ ಎರಡು ನಿಯಮ ಸಿಗುತ್ತವೆ:

ನಿಯಮ 1: ಸರಾಸರಿ ಬದಲಾಗುವ ವೇಗ = ಒಳಬರುವ ಬೆಲೆ − ನನ್ನ ಬಲ ಅಂಚಿನ ಬೆಲೆ

ನಿಯಮ 2: ಓರೆ ಬದಲಾಗುವ ವೇಗ = 3 × (ನನ್ನ ಎಡ ಅಂಚಿನ ಬೆಲೆ − ಒಳಬರುವ ಬೆಲೆ)

ಮೊದಲ ನಿಯಮ ನಮಗೆ ಗೊತ್ತಿರುವ ಜಮಾ-ಖರ್ಚು. ಎರಡನೆಯದನ್ನು ನಿಧಾನವಾಗಿ ನೋಡಿ. ಆವರಣದೊಳಗೆ ಇರುವುದು ಬೇರೇನಲ್ಲ, ಎಡ ಗಡಿಯಲ್ಲಿನ ಜಿಗಿತ! ಒಂದೇ ಗಡಿಯಲ್ಲಿ "ನನ್ನ ಪುಸ್ತಕ ಏನು ಹೇಳುತ್ತದೆ, ಬಂದ ಚೀಟಿ ಏನು ಹೇಳುತ್ತದೆ" ಎಂಬ ವ್ಯತ್ಯಾಸ. ಆ ವ್ಯತ್ಯಾಸವೇ ಕೋಣೆಯ ಓರೆಯನ್ನು ತಿದ್ದುತ್ತದೆ. ಜಿಗಿತ ಇಲ್ಲದಿದ್ದರೆ ಓರೆ ಬದಲಾಗುವುದಿಲ್ಲ. 3 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಎರಡನೇ ತೂಕದ ವರ್ಗದ ಸರಾಸರಿ 1/3. ಅದರಿಂದ ಭಾಗಿಸಿದಾಗ 3 ಬರುತ್ತದೆ.

ಈ ಸಾಲನ್ನು ಅರ್ಥ ಮಾಡಿಕೊಂಡ ದಿನ ನನಗೆ ಚಾಚಾ ನೆನಪಾದರು. ಆ ಮೂರು ಮೂಟೆಯ ವ್ಯತ್ಯಾಸವನ್ನು ನಾನು ತಪ್ಪು ಎಂದುಕೊಂಡಿದ್ದೆ. ಅದು 'ದಾರಿಯಲ್ಲಿ ಸರಕಿದೆ' ಎಂಬ ಸುದ್ದಿಯಾಗಿತ್ತು.

ಒಂದು ಲೆಕ್ಕ ಮಾಡೋಣ. ಒಂದು ಕೋಣೆಯ ಸರಾಸರಿ 4, ಓರೆ 0. ಎಡದಿಂದ ಬರುತ್ತಿರುವ ನೀರಿನ ಬೆಲೆ 10. ಹೆಜ್ಜೆ 0.1 ಸೆಕೆಂಡ್.

ಸರಾಸರಿ ಬದಲಾಗುವ ವೇಗ = 10 − 4 = 6. ಹೊಸ ಸರಾಸರಿ = 4 + 0.6 = 4.6.
ಓರೆ ಬದಲಾಗುವ ವೇಗ = 3 × (4 − 10) = −18. ಹೊಸ ಓರೆ = −1.8.
ಎಡ ಅಂಚು = 4.6 + 1.8 = 6.4. ಬಲ ಅಂಚು = 4.6 − 1.8 = 2.8.

ನಿಜದಲ್ಲಿ ಏನಾಗಿರುತ್ತದೆ? 0.1 ಸೆಕೆಂಡಿನಲ್ಲಿ ಕೋಣೆಯ ಎಡಗಡೆಯ ಹತ್ತನೇ ಒಂದು ಭಾಗದಲ್ಲಿ 10, ಉಳಿದ ಕಡೆ 4. ಅದರ ಸರಾಸರಿ 4.6. ನಮ್ಮದೂ 4.6! ಆ ಚಿತ್ರಕ್ಕೆ ಅತ್ಯಂತ ಹತ್ತಿರದ ಓರೆ ಗೆರೆ ಎಳೆದರೆ ಓರೆ −1.62 ಬರುತ್ತದೆ. ನಮಗೆ ಬಂದದ್ದು −1.8. ಒಂದೇ ಹೆಜ್ಜೆಗೆ ಇದು ಕೆಟ್ಟದ್ದಲ್ಲ. ಮುಖ್ಯವಾಗಿ, ಬಣ್ಣ ಎಡಗಡೆ ಹೆಚ್ಚು, ಬಲಗಡೆ ಕಡಿಮೆ ಎಂಬುದು ಕೋಣೆಗೆ ಈಗ ಗೊತ್ತು. ಆದ್ದರಿಂದ ಬಣ್ಣವನ್ನು ಅವಸರದಲ್ಲಿ ಮುಂದಿನ ಕೋಣೆಗೆ ದಾಟಿಸುವುದಿಲ್ಲ. ಹರಡಿಹೋಗುವ ತೊಂದರೆ ಬಹಳ ಕಡಿಮೆಯಾಗುತ್ತದೆ.

ಓರೆಗೆ ಕಡಿವಾಣ

ಮೇಲಿನ ಲೆಕ್ಕದಲ್ಲಿ ಒಂದು ಕೊರತೆ ನಿಮಗೆ ಕಂಡಿರಬಹುದು. ಬಲ ಅಂಚು 2.8. ಅಲ್ಲಿಗೆ ಹೊಸ ಬಣ್ಣ ಇನ್ನೂ ತಲುಪಿಲ್ಲ, 4 ಇರಬೇಕಿತ್ತು. ನೆಟ್ಟಗಿನ ಗೆರೆಯಿಂದ ಮೆಟ್ಟಿಲಿನ ಆಕಾರ ತೋರಿಸಲು ಹೋದಾಗ ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ತಗ್ಗುತ್ತದೆ. ಇದು ನಮ್ಮ ಅವಸರದ ತಪ್ಪಲ್ಲ, ಆಳವಾದ ಕಾರಣವಿದೆ. ಸೆರ್ಗೈ ಗೊಡುನೋವ್ ಎಂಬ ರಷ್ಯದ ಗಣಿತಜ್ಞರು 1959ರಲ್ಲಿ ತೋರಿಸಿಕೊಟ್ಟದ್ದು ಇದು: ಇಂಥ ಲೆಕ್ಕದಲ್ಲಿ ಹೊಸ ಏರಿಳಿತ ಹುಟ್ಟಿಸದ ರೇಖೀಯ ವಿಧಾನದ ನಿಖರತೆ ಮೊದಲ ದರ್ಜೆಗಿಂತ ಮೇಲೆ ಹೋಗಲಾರದು.

ಪರಿಹಾರಕ್ಕೆ ಲಿಮಿಟರ್ ಎಂದು ಹೆಸರು. ಪ್ರತಿ ಹೆಜ್ಜೆಯ ನಂತರ ಕೋಣೆಯ ಓರೆಯನ್ನು ಅಕ್ಕಪಕ್ಕದ ಸರಾಸರಿಗಳ ಜೊತೆ ಹೋಲಿಸಬೇಕು. ಓರೆ ಅತಿಯಾಗಿದ್ದರೆ ಕಡಿಮೆ ಮಾಡಬೇಕು. ಆದರೆ ಸರಾಸರಿಯನ್ನು ಮುಟ್ಟಬಾರದು! ಒಟ್ಟು ಬಣ್ಣ ಇರುವುದು ಸರಾಸರಿಯಲ್ಲಿ. ಅದನ್ನು ಮುಟ್ಟಿದರೆ ಲೆಕ್ಕ ತಿದ್ದಿದಂತೆ. ಓರೆ ಎಂಬುದು ವಿವರ ಮಾತ್ರ, ಅದನ್ನು ತಿದ್ದಬಹುದು. ಮೊತ್ತ ಬೇರೆ, ವಿವರ ಬೇರೆ ಎಂದು ಎರಡು ಕಡೆ ಬರೆದಿಟ್ಟುಕೊಂಡದ್ದರಿಂದಲೇ ಇದು ಸಾಧ್ಯವಾಯಿತು.

ಇದಕ್ಕೆ ಕೊಡಬೇಕಾದ ಬೆಲೆ

ಯಾವ ಸೌಲಭ್ಯವೂ ಪುಕ್ಕಟೆ ಅಲ್ಲ. ಮೊದಲನೆಯದಾಗಿ, ಬರೆದಿಡಬೇಕಾದ ಸಂಖ್ಯೆಗಳು ಹೆಚ್ಚು. 100 ಕೋಣೆಗಳಲ್ಲಿ ಓರೆ ಗೆರೆಗಳು ಗಡಿಯಲ್ಲಿ ಕೂಡಲೇಬೇಕು ಎಂದರೆ 101 ಸಂಖ್ಯೆ ಸಾಕು. ಕೂಡಬೇಕಿಲ್ಲ ಎಂದರೆ 200 ಬೇಕು.

ಎರಡನೆಯದಾಗಿ, ಸಮಯದ ಹೆಜ್ಜೆ ಸಣ್ಣದಿರಬೇಕು. ನಮ್ಮ ನಾಲ್ಕು ಕೋಣೆಯ ಲೆಕ್ಕದಲ್ಲಿ ಹೆಜ್ಜೆ 2 ಸೆಕೆಂಡ್ ಎಂದಿಟ್ಟುಕೊಳ್ಳಿ. ಆಗ 80 ಗ್ರಾಂ ಇರುವ ಕೋಣೆ 160 ಗ್ರಾಂ ಕೊಡಬೇಕಾಗುತ್ತದೆ. ಇಲ್ಲದ್ದನ್ನು ಕೊಡಲಾಗದು. ಒಂದು ಹೆಜ್ಜೆಯಲ್ಲಿ ಹರಿವು ಒಂದು ಕೋಣೆಗಿಂತ ಹೆಚ್ಚು ದಾಟಬಾರದು. ಈ ಬಗೆಯ ಷರತ್ತನ್ನು ಕೂರಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು 1928ರಲ್ಲೇ ಕೊಟ್ಟಿದ್ದಾರೆ. ಓರೆ ಸೇರಿಸಿದ ನಮ್ಮ ವಿಧಾನದಲ್ಲಿ ಅದು ಇನ್ನೂ ಬಿಗಿ, ಸುಮಾರು ಮೂರನೇ ಒಂದು ಭಾಗ. ಜೊತೆಗೆ ಪ್ರತಿ ಹೆಜ್ಜೆಯನ್ನು ಒಂದೇ ಸಲ ಇಡದೆ, ಎರಡು ಸಲ ಅಂದಾಜು ಮಾಡಿ ಇಡುತ್ತಾರೆ. ಅದಕ್ಕೆ ರುಂಗೆ-ಕುಟ್ಟಾ ವಿಧಾನ ಎಂದು ಹೆಸರು. ನಾನು ಮೇಲೆ ಒಂದೇ ಸಲ ಇಟ್ಟದ್ದು ಅರ್ಥವಾಗಲಿ ಎಂದು ಮಾತ್ರ.

ಲಾಭವೂ ದೊಡ್ಡದು. ಪ್ರತಿ ಕೋಣೆಗೆ ಬೇಕಾಗಿರುವುದು ತನ್ನ ಪುಸ್ತಕ ಮತ್ತು ಗಡಿ ಹಂಚಿಕೊಂಡ ನೆರೆಯವರ ಚೀಟಿ, ಅಷ್ಟೇ. ಆದ್ದರಿಂದ ಸಾವಿರಾರು ಪ್ರೊಸೆಸರುಗಳಿಗೆ ಕೋಣೆಗಳನ್ನು ಹಂಚಿಕೊಟ್ಟು ಒಟ್ಟಿಗೆ ಕೆಲಸ ಮಾಡಿಸಬಹುದು. ಕೋಣೆಗಳು ತ್ರಿಕೋನವಾಗಿರಬಹುದು, ಸಣ್ಣದು ದೊಡ್ಡದು ಇರಬಹುದು. ಒಂದು ಕೋಣೆಯಲ್ಲಿ ಓರೆ ಗೆರೆ, ಪಕ್ಕದಲ್ಲಿ ಬಾಗಿದ ಗೆರೆ ಇದ್ದರೂ ನಡೆಯುತ್ತದೆ.

ಎಲ್ಲಿ ಹುಟ್ಟಿತು, ಎಲ್ಲಿದೆ?

1973ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ರೀಡ್ ಮತ್ತು ಹಿಲ್ ಎಂಬ ಇಬ್ಬರು ನ್ಯೂಟ್ರಾನುಗಳು ಹೇಗೆ ಚಲಿಸುತ್ತವೆ ಎಂದು ಲೆಕ್ಕ ಹಾಕಲು ತ್ರಿಕೋನ ಕೋಣೆಗಳ ಮೇಲೆ ಈ ವಿಧಾನವನ್ನು ಬಳಸಿದರು. ಮರುವರ್ಷ ಫ್ರಾನ್ಸಿನ ಲೆಸೆಂಟ್ ಮತ್ತು ರವಿಯಾರ್ ಅದರ ತಪ್ಪಿನ ಪ್ರಮಾಣ ಎಷ್ಟಿರಬಹುದು ಎಂದು ಗಣಿತದಿಂದ ತೋರಿಸಿದರು. 1980ರ ದಶಕದ ಕೊನೆಯಿಂದ ಬರ್ನಾರ್ಡೊ ಕಾಕ್‌ಬರ್ನ್ ಮತ್ತು ಚಿ-ವಾಂಗ್ ಶು ಸರಣಿ ಲೇಖನಗಳಲ್ಲಿ ಇದನ್ನು ರುಂಗೆ-ಕುಟ್ಟಾ ಹೆಜ್ಜೆ ಮತ್ತು ಲಿಮಿಟರ್ ಜೊತೆ ಸೇರಿಸಿ, ಗಾಳಿ ನೀರಿನ ಹರಿವಿನಂಥ ಕಷ್ಟದ ಪಿಡಿಇಗಳಿಗೆ ಸಿದ್ಧ ಮಾಡಿದರು.

ನನಗೆ ತುಂಬಾ ಹಿಡಿಸಿದ ಉದಾಹರಣೆ ಒಂದಿದೆ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಆದ ಭೂಕಂಪ, ಅದರಿಂದ ಎದ್ದ ಸುನಾಮಿ ನಮ್ಮ ದೇಶದ ಕರಾವಳಿಗೂ ಬಡಿಯಿತು. ಆಗ ನಾವಿನ್ನೂ ಹುಟ್ಟಿರಲಿಲ್ಲ. ಆ ಭೂಕಂಪದಲ್ಲಿ ನೆಲ ಬಿರುಕು ಬಿಟ್ಟದ್ದು 1,000 ಕಿಲೋಮೀಟರಿಗಿಂತ ಉದ್ದಕ್ಕೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಬೆಳೆದ ಸೈಸ್‌ಸಾಲ್ ಎಂಬ ಪ್ರೋಗ್ರಾಂ ಈ ವಿಧಾನದ ಮೇಲೆಯೇ ನಿಂತಿದೆ. ಅದನ್ನು ಬಳಸಿ 2017ರಲ್ಲಿ ಸಂಶೋಧಕರು ಆ ಭೂಕಂಪವನ್ನು ಸೂಪರ್ ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ನೋಡಿದರು. ಬಿರುಕಿನ ಎರಡು ಬದಿಗಳ ನೆಲ ಬೇರೆ ಬೇರೆ ಕಡೆಗೆ ಜರುಗುತ್ತದೆ. ಅಲ್ಲಿ ಜಿಗಿತ ಲೆಕ್ಕದಲ್ಲಿ ಮಾತ್ರವಲ್ಲ, ನಿಜವಾಗಿಯೂ ಇದೆ. ಗಡಿಯಲ್ಲಿ ಕೂಡಲೇಬೇಕು ಎನ್ನದ ವಿಧಾನ ಅಲ್ಲಿಗೆ ಎಷ್ಟು ಹೊಂದುತ್ತದೆ ನೋಡಿ.

ದೂರ ಹೋಗಬೇಕೆಂದೇನೂ ಇಲ್ಲ. ನಮ್ಮ ಬೆಂಗಳೂರಿನಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟಿನ ಅನ್ವಯಿಕ ಗಣಿತ ಕೇಂದ್ರದಲ್ಲಿ ಪಿಡಿಇಗಳ ಬಗ್ಗೆ, ಈ ವಿಧಾನದ ಬಗ್ಗೆಯೂ ಸಂಶೋಧನೆ ನಡೆಯುತ್ತದೆ.

ಕಾಮರ್ಸ್‌ನವರಿಗೆ ಇನ್ನೊಂದು ಮಾತು. ಅದೇ 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಷೇರು ಮಾರುಕಟ್ಟೆಯ ಆಪ್ಷನ್‌ಗೆ ಎಷ್ಟು ಬೆಲೆ ಎಂಬ ಬಗ್ಗೆ ಪ್ರಸಿದ್ಧ ಲೇಖನ ಪ್ರಕಟಿಸಿದರು. ಅದರ ಹೃದಯದಲ್ಲಿರುವುದೂ ಒಂದು ಪಿಡಿಇ. ಆದ್ದರಿಂದ ಯಾರಾದರೂ "ನಿನಗೆ ಯಾಕೆ ಇದು?" ಎಂದರೆ ನಮ್ಮ ಹತ್ತಿರ ಉತ್ತರ ಇದೆ.

ನೆನಪಿಡಬೇಕಾದ ಅಂಶಗಳು

1. ಪ್ರತಿ ಕೋಣೆಗೆ ತನ್ನದೇ ಪುಸ್ತಕ. ಗಡಿಯಲ್ಲಿ ಎರಡು ಪುಸ್ತಕ ಕೂಡಲೇಬೇಕೆಂದಿಲ್ಲ.
2. ಗಡಿ ದಾಟುವುದಕ್ಕೆ ಚೀಟಿ ಒಂದೇ. ಆದ್ದರಿಂದ ಒಟ್ಟು ಮೊತ್ತ ಎಂದೂ ತಪ್ಪುವುದಿಲ್ಲ.
3. ಚೀಟಿ ಬರೆಯುವಾಗ ಹರಿವಿನ ದಿಕ್ಕು ಕೇಳಬೇಕು.
4. ಒಟ್ಟು ತಾಳೆಯಾದರೆ ಸಾಲದು. ವಿವರವೂ ಸರಿ ಇರಬೇಕು.
5. ಜಿಗಿತ ತಪ್ಪಲ್ಲ, ಮಾಹಿತಿ. ಅದೇ ಓರೆಯನ್ನು ತಿದ್ದುತ್ತದೆ.
6. ಲಿಮಿಟರ್ ಓರೆಯನ್ನು ಮುಟ್ಟಬಹುದು, ಸರಾಸರಿಯನ್ನು ಮುಟ್ಟಬಾರದು.

ನೀವೇ ಮಾಡಿ ನೋಡಿ

ಪ್ರಶ್ನೆ 1: ಅಪ್‌ವಿಂಡ್ ಲೆಕ್ಕದಲ್ಲಿ 0, 20, 40, 20 ಆದ ಮೇಲೆ ಇನ್ನೂ ಅರ್ಧ ಸೆಕೆಂಡ್ ಕಳೆದರೆ ಏನಾಗುತ್ತದೆ? ಒಟ್ಟು ಎಷ್ಟು?

ಪ್ರಶ್ನೆ 2: ಒಂದು ಕೋಣೆಯ ಸರಾಸರಿ 6, ಓರೆ 1. ಒಳಬರುವ ಬೆಲೆ 5. ಎರಡು ನಿಯಮಗಳನ್ನು ಹಾಕಿ.

ಉತ್ತರ 1: 0, 10, 30, 30. ಕೋಣೆಗಳಲ್ಲಿ 70, ನಾಲ್ಕನೇ ಕೋಣೆಯಿಂದ ಹೊರಗೆ ಹೋದದ್ದು 10. ಕೂಡಿದರೆ 80.

ಉತ್ತರ 2: ಎಡ ಅಂಚು 5, ಒಳಬರುವುದೂ 5. ಜಿಗಿತ ಇಲ್ಲ, ಓರೆ ಬದಲಾಗುವುದಿಲ್ಲ. ಬಲ ಅಂಚು 7, ಆದ್ದರಿಂದ ಸರಾಸರಿ ಬದಲಾಗುವ ವೇಗ 5 − 7 = −2.

ಈ ಲೇಖನದ ಲೆಕ್ಕಗಳನ್ನೆಲ್ಲ ಆಪಾ ಒಮ್ಮೆ ನೋಡಿಕೊಟ್ಟಿದ್ದಾರೆ. ಆದರೂ ತಪ್ಪು ಕಂಡರೆ ನನ್ನ ತರಗತಿಗೆ ಬಂದು ಹೇಳಿ, ಸಂಕೋಚ ಬೇಡ. ಈಗ ನಮ್ಮ ಅಂಗಡಿಯಲ್ಲಿ ಎರಡು ಪುಸ್ತಕಗಳ ನಡುವೆ ವ್ಯತ್ಯಾಸ ಬಂದರೆ ನಾನು ಮೊದಲು ಯಾರನ್ನೂ ಕರೆಯುವುದಿಲ್ಲ. ಚೀಟಿ ನೋಡುತ್ತೇನೆ, ಆಮೇಲೆ ಟೆಂಪೋ ಎಲ್ಲಿದೆ ಎಂದು ಕೇಳುತ್ತೇನೆ.

ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ